ಎರಡು ಮುಳ್ಳಿನ ತೀರ್ಪು

ಜನವರಿ ೧೨

ಪೂರ್ಣವಿರಾಮದವರಿಗೆ ನಮಸ್ಕಾರ.

ಈ ಹೆಸರು ಹಿಡಿದು ಕರೆದರೆ ನೀವು ಇನ್ನೂ ನಗುತ್ತೀರೋ ಇಲ್ಲವೋ ತಿಳಿಯದು. ಮೂವತ್ತೊಂದು ವರ್ಷ ನಾನು ಹೇಳುತ್ತಾ ಹೋದೆ, ನೀವು ಶೀಘ್ರಲಿಪಿಯಲ್ಲಿ ಬರೆದುಕೊಳ್ಳುತ್ತಾ ಹೋದಿರಿ. ನನ್ನ ವಾಕ್ಯ ಹನುಮಂತನ ಬಾಲದ ಹಾಗೆ ಬೆಳೆಯತೊಡಗಿದಾಗ ತಲೆ ಎತ್ತದೆಯೇ "ಸರ್, ಇಲ್ಲಿ ಪೂರ್ಣವಿರಾಮ ಹಾಕಲಾ?" ಎನ್ನುತ್ತಿದ್ದಿರಿ. ಈಗ ನಾನೇ ಪೆನ್ನು ಹಿಡಿದು ಕೂತಿದ್ದೇನೆ. ಈ ನಾಲ್ಕು ಸಾಲಿಗೆ ಒಂದು ಗಂಟೆ ಹಿಡಿಯಿತು.

ನೀವು ನಿವೃತ್ತರಾಗಿ ಊರಿಗೆ ಹೋಗಿ ಎರಡು ವರ್ಷ, ನಾನು ಆಫೀಸು ಮುಚ್ಚಿ ಒಂದು ತಿಂಗಳಾಯಿತು. ಮಧ್ಯಾಹ್ನ ಕಣ್ಣಿಗೆ ಜೊಂಪು ಹತ್ತಿದರೆ ಸಾಕು, ವಿಚಾರಣೆಯ ಕೋಣೆ ಬರುತ್ತದೆ. ಅದೇ ಉದ್ದನೆಯ ಮೇಜು, ಎರಡೂ ಬದಿಗೆ ವಕೀಲರು. ತುಟಿಗಳು ಅಲ್ಲಾಡುತ್ತವೆ, ದನಿ ಮಾತ್ರ ಇಲ್ಲ. ಕಿಟಕಿಯಿಂದ ಬೆಳಕು ಹಾಲಿನ ಹಾಗೆ ಒಳಕ್ಕೆ ಸುರಿಯುತ್ತದೆ. ಕಡತಗಳು ಅದರ ಮೇಲೆ ಮೆಲ್ಲಗೆ ತೇಲಿಕೊಂಡು ಬಾಗಿಲ ಕಡೆ ಹೋಗುತ್ತವೆ. ಯಾರೂ ತಡೆಯುವುದಿಲ್ಲ. ನಾನೂ ತಡೆಯುವುದಿಲ್ಲ. ಎಚ್ಚರವಾದಾಗ ಏನೋ ಒಂದು ಸುಖ, ಏನೋ ಒಂದು ದಿಗಿಲು.

ಪ್ರಕಾಶಕರೊಬ್ಬರು ಗಂಟು ಬಿದ್ದಿದ್ದಾರೆ, ನನ್ನ ವೃತ್ತಿಯ ಕಥೆ ಬರೆದುಕೊಡಬೇಕಂತೆ. ನಾನು ಮಧ್ಯಸ್ಥಗಾರನಾಗಿ ತೀರ್ಪು ಕೊಟ್ಟ ಗಾಜಿನ ಕಾರ್ಖಾನೆಯ ಅಧ್ಯಾಯವನ್ನೇ ಮೊದಲು ಬರೆಯೋಣವೆಂದುಕೊಂಡೆ. ಶುರು ಹೀಗಿದೆ, ನೋಡಿ:

"ಗಾಜಿನ ಕಾರ್ಖಾನೆಯವರು ದೊಡ್ಡದೊಂದು ಕುಲುಮೆಗೆ ಬೇಡಿಕೆ ಕೊಟ್ಟಿದ್ದರು. ತಿಂಗಳ ಮೂವತ್ತೊಂದರ ಸಂಜೆಯೊಳಗೆ ಅದು ಕಾರ್ಖಾನೆಯ ಸ್ವಂತ ಧಕ್ಕೆಯಲ್ಲಿ, ಎಂದರೆ ಹಡಗುಕಟ್ಟೆಯಲ್ಲಿ, ಇಳಿಯಬೇಕು. ತಡವಾದರೆ ಕರಾರು ಬಿಡುವ ಹಕ್ಕು ಕೊಳ್ಳುವವರದು. ಕುಲುಮೆ ಹೊತ್ತ ಹಡಗು ಇಪ್ಪತ್ತೊಂಬತ್ತಕ್ಕೇ ಬಂದು ನಿಂತಿತ್ತು. ಆದರೆ ಧಕ್ಕೆಯಲ್ಲಿ ಕಾರ್ಖಾನೆಯದೇ ಒಂದು ಖಾಲಿ ದೋಣಿ ರಿಪೇರಿಗೆಂದು ಕಟ್ಟಿತ್ತು. ಹಡಗಿಗೆ ಜಾಗವಿಲ್ಲ. ಮಾರನೆಯ ತಿಂಗಳ ಒಂದನೆಯ ತಾರೀಖು ಬೆಳಗ್ಗೆ ಕಾರ್ಖಾನೆಯವರು ಕರಾರು ಬಿಟ್ಟೆವೆಂದು ಕಾಗದ ಕಳಿಸಿದರು."

ಆಮೇಲೆ ಪೆನ್ನು ಮುಂದೆ ಹೋಗುತ್ತಿಲ್ಲ. ತೀರ್ಪಿನ ಆ ಪ್ರಸಿದ್ಧ ವಾಕ್ಯ ಇದೆಯಲ್ಲ, "ದಾರಿಗೆ ಮುಳ್ಳು ಹಾಕಿದವನಿಗೆ ಗಡಿಯಾರದ ಮುಳ್ಳು ತೋರಿಸುವ ಹಕ್ಕಿಲ್ಲ" ಅಂತ. ಅದು ಹೇಗೆ ಹೊಳೆಯಿತು ಎಂದು ಇಪ್ಪತ್ತೆರಡು ವರ್ಷದಿಂದ ಎಲ್ಲರೂ ಕೇಳುತ್ತಾರೆ. ಆ ಮಧ್ಯಾಹ್ನ ನನಗೆ ಜ್ವರವಿತ್ತು, ನೆನಪು ಸಾಲದು. ಕೋಣೆಯಲ್ಲಿದ್ದದ್ದು ನಾವಿಬ್ಬರೇ. ನಿಮಗೇನಾದರೂ ನೆನಪಿದೆಯೇ?

ಇತಿ,
ನಿಮ್ಮ ಹಳೆಯ ಅಲ್ಪವಿರಾಮ


ಜನವರಿ ೩೦

ಸಾಹೇಬರಿಗೆ ನಮಸ್ಕಾರಗಳು.

ಪತ್ರ ತಲುಪಿತು. ನಕ್ಕೆ. ತಂಗಿ "ಏನಕ್ಕಾ, ಒಬ್ಬೊಬ್ಳೇ ನಗ್ತೀಯ?" ಎಂದಳು.

ತಂಗಿಯದು ಕನ್ನಡಕದ ಅಂಗಡಿ ಎಂದು ನಿಮಗೆ ಹೇಳಿದ್ದೆನೋ ಇಲ್ಲವೋ. ಬೆಳಗಿನ ಹೊತ್ತು ನಾನೂ ಅಲ್ಲಿ ಕೂರುತ್ತೇನೆ. ಗೋಡೆಯ ಮೇಲಿನ ಅಕ್ಷರಗಳನ್ನು ಜನ ಓದುತ್ತಾರೆ. ಕಾಣದಿದ್ದ ಕಡೆ ಊಹಿಸಿ ಓದುತ್ತಾರೆ. ಊಹಿಸಿದ್ದು ಸರಿಯಾಗಿಬಿಟ್ಟರೆ ಕಷ್ಟ, ಅವರ ಕಣ್ಣು ಎಷ್ಟು ಮಂಜಾಗಿದೆ ಎಂಬುದು ಯಾರಿಗೂ ತಿಳಿಯುವುದಿಲ್ಲ. ತಂಗಿ ಅದಕ್ಕೇ ಹಲಗೆಯನ್ನು ಆಗಾಗ ಬದಲಾಯಿಸುತ್ತಾಳೆ.

ಅಂಗಡಿಯ ಎದುರಿಗೇ ಕೆರೆ. ಕೆರೆ ಅನ್ನುವುದಕ್ಕಿಂತ ಸರೋವರ ಅನ್ನಬೇಕು, ಆಚೆ ದಡ ಕಾಣುವುದಿಲ್ಲ. ಬೆಳಗ್ಗೆ ಮಂಜು ಬಂದು ಮೆಟ್ಟಿಲ ತನಕ ಕೂತಿರುತ್ತದೆ. ಅದರೊಳಗಿಂದ ದೋಣಿಯ ಗಂಟೆ ಕೇಳಿಸುತ್ತದೆ, ದೋಣಿ ಕಾಣುವುದಿಲ್ಲ. ಮೊದಲು ಗಂಟೆ, ಆಮೇಲೆ ಮಾತು, ಆಮೇಲೆ ಮನುಷ್ಯರು. ನನಗೆ ಇದು ರೂಢಿಯ ಕೆಲಸದ ಹಾಗೇ ಇದೆ. ಮುಖ ನೋಡದೆ ಮಾತು ಕೇಳಿಯೇ ಅಲ್ಲವೇ ನಾನು ಜೀವನ ಕಳೆದದ್ದು?

ನಿಮ್ಮ ಅಧ್ಯಾಯದ ಆರಂಭ ಚೆನ್ನಾಗಿದೆ. ಕೊನೆಯ ವಾಕ್ಯದಲ್ಲಿ "ಬಿಟ್ಟೆವೆಂದು" ಸಾಕು, "ಬಿಟ್ಟುಬಿಟ್ಟೆವೆಂದು" ಮಾಡಬೇಡಿ. ನೀವು ಮಾಡುತ್ತೀರಿ.

ಆ ಮಧ್ಯಾಹ್ನದ್ದು ನನಗೂ ನೆನಪು ಸಾಲದು. ಆರೋಗ್ಯ ನೋಡಿಕೊಳ್ಳಿ.

ಇತಿ,
ಪೂರ್ಣವಿರಾಮ


ಫೆಬ್ರವರಿ ೧೬

ಪೂರ್ಣವಿರಾಮದವರಿಗೆ,

ನಿಮ್ಮ ಪತ್ರವನ್ನು ನಾಲ್ಕು ಸಲ ಓದಿದೆ. ಮಂಜು, ಗಂಟೆ, ತಂಗಿ, ಎಲ್ಲ ಇದೆ. ನಾನು ಕೇಳಿದ್ದಕ್ಕೆ ಮಾತ್ರ ಒಂದೇ ಸಾಲು. ಹತ್ತು ವರ್ಷದ ಹಿಂದಿನ ಸಾಕ್ಷಿ ಯಾವ ಮಾತಿಗೆ ಕೆಮ್ಮಿದ ಎಂದು ಹೇಳಬಲ್ಲ ನಿಮಗೆ ನೆನಪು ಸಾಲದು ಎಂದರೆ ನಾನು ನಂಬುವುದಿಲ್ಲ. ನಿಮಗೆ ನನ್ನ ಮೇಲೆ ಬೇಸರವಾಗಿದೆ.

ಕಾರಣ ನನಗೆ ಗೊತ್ತು. ವಕೀಲರ ಸಂಘದ ಬೀಳ್ಕೊಡುಗೆಯ ದಿನ ನೀವು ಅಷ್ಟು ದೂರದಿಂದ ಬಂದು ಕೊನೆಯ ಸಾಲಿನಲ್ಲಿ ಕೂತಿದ್ದಿರಿ. ನಾನು ಎಲ್ಲರಿಗೂ ಕೃತಜ್ಞತೆ ಹೇಳಿದೆ. ನನ್ನನ್ನು ಕೈಹಿಡಿದು ಕೋರ್ಟಿಗೆ ಕರೆದೊಯ್ದ ಗುರುಗಳಿಗೆ, ಕಿರಿಯರಿಗೆ, ಮಗಳಿಗೆ, ಕೊನೆಗೆ ಲಿಫ್ಟಿನವನಿಗೂ. ನಿಮ್ಮನ್ನು ಬಿಟ್ಟೆ. ಕೆಳಗಿಳಿದು ಬಂದಾಗ ನೀವು ಹೊರಟುಹೋಗಿದ್ದಿರಿ. ಮಗಳು ಕಾರಿನಲ್ಲಿ "ಅಪ್ಪಾ, ಅವರನ್ನ ಮರೆತೇಬಿಟ್ಟೆಯಲ್ಲ" ಎಂದಳು. ಮರೆತದ್ದಲ್ಲ. ಹೇಗೆ ಹೇಳುವುದೆಂದು ತಿಳಿಯಲಿಲ್ಲ. ಉಸಿರಾಡಿದ್ದಕ್ಕೆ ಗಾಳಿಗೆ ಯಾರು ವಂದನೆ ಹೇಳುತ್ತಾರೆ? ಇದು ನೆಪ ಎಂದು ನೀವು ಅಂದರೆ, ಹೌದು, ನೆಪವೇ. ಕ್ಷಮಿಸಿ.

ಪುಸ್ತಕ ಬರೆಯುವಾಗ ಒಂದು ತಿಳಿಯುತ್ತಿದೆ. ವಕೀಲನಾಗಿದ್ದ ವರ್ಷಗಳೆಲ್ಲ ಸ್ಪಷ್ಟವಾಗಿವೆ. ಹಡಗು, ಸಿಮೆಂಟು, ವಿಮೆ, ಕಂಪನಿ ಹರಿದು ಹಂಚಿಕೊಂಡ ಅಣ್ಣತಮ್ಮಂದಿರು, ಎಲ್ಲದರಲ್ಲೂ ನನಗೊಂದು ಪಕ್ಷವಿತ್ತು. ಸೋತರೆ ಊಟ ಸೇರುತ್ತಿರಲಿಲ್ಲ, ಗೆದ್ದರೆ ನೆಲ ಕಾಣುತ್ತಿರಲಿಲ್ಲ. ಐವತ್ತರಲ್ಲಿ ಮಧ್ಯಸ್ಥಗಾರನಾಗಿ ಮೇಜಿನ ತಲೆಯಲ್ಲಿ ಕೂತ ಮೇಲಿನದೆಲ್ಲ ನೀರಿನೊಳಗಿಂದ ನೋಡಿದ ಹಾಗಿದೆ. ಕರಿ ಕೋಟಿಲ್ಲ, ಎತ್ತರದ ಪೀಠವಿಲ್ಲ, ಒಂದು ಹೂಜಿ ನೀರು, ಇಬ್ಬರು ಹಟಮಾರಿಗಳು. ಇಬ್ಬರೂ ನಿಜ ಹೇಳುತ್ತಿದ್ದಾರೆ ಅನ್ನಿಸುತ್ತಿತ್ತು. ಮಾತಾಡುವುದನ್ನೇ ಕಸುಬು ಮಾಡಿಕೊಂಡವನಿಗೆ ಕೇಳುವುದನ್ನು ಯಾರು ಕಲಿಸಬೇಕು?

ಬೇಸರ ಬಿಟ್ಟು ಬರೆಯಿರಿ.

ಅಲ್ಪವಿರಾಮ


ಮಾರ್ಚ್ ೨

ಸಾಹೇಬರಿಗೆ ನಮಸ್ಕಾರಗಳು.

ದೇವರಾಣೆ, ನನಗೆ ಅದರ ಬೇಸರವಿಲ್ಲ. ಅಂದು ಬಸ್ಸಿಗೆ ಹೊತ್ತಾಗಿತ್ತು, ಅದಕ್ಕೇ ಎದ್ದೆ. ಲಿಫ್ಟಿನವರನ್ನು ನೆನೆದದ್ದು ಬಹಳ ಸರಿ, ಅವರು ಕೆಟ್ಟುಹೋದ ಲಿಫ್ಟನ್ನು ಬರೀ ಮಾತಿನಲ್ಲೇ ಏರಿಸುತ್ತಿದ್ದರು.

ಇಲ್ಲಿ ಒಂದು ವಾರದಿಂದ ಮಂಜು ಮಧ್ಯಾಹ್ನವಾದರೂ ಏಳುತ್ತಿಲ್ಲ. ನಿನ್ನೆ ತಂಗಿಯ ಜೊತೆ ದೋಣಿಯಲ್ಲಿ ಹೋಗಿದ್ದೆ. ಅರ್ಧ ದಾರಿಗೆ ಎರಡೂ ದಡ ಮಾಯವಾದವು. ದೋಣಿಯವನು ಹುಟ್ಟು ಹಾಕುವುದನ್ನು ನಿಲ್ಲಿಸಿ ಸುಮ್ಮನೆ ಕೂತ. "ಯಾಕಪ್ಪಾ?" ಎಂದು ತಂಗಿ ಕೇಳಿದಳು. "ಎತ್ತ ಕಡೆ ಅಂತ ನೀರೇ ಹೇಳ್ಲಿ ತಾಯೀ" ಎಂದ. ನಾವು ಮೂವರೂ ಬಿಳಿ ಮಂಜಿನೊಳಗೆ ಕೂತಿದ್ದೆವು. ಆಗ ನನಗೆ ನಿಮ್ಮ ಪತ್ರ ನೆನಪಾಯಿತು.

ನನ್ನದೊಂದು ವಿನಂತಿ. ಗಾಜಿನ ಕಾರ್ಖಾನೆಯ ಅಧ್ಯಾಯ ಬೇಡ. ನಿಮಗೆ ಬೇರೆ ಎಷ್ಟು ದೊಡ್ಡ ದೊಡ್ಡ ತೀರ್ಪುಗಳಿಲ್ಲ? ಸೇತುವೆಯದು ಬರೆಯಿರಿ. ಎರಡು ಗಡಿಯಾರ ಕಂಪನಿಗಳ ಜಗಳ ಬರೆಯಿರಿ, ಜನ ನಗುತ್ತಾರೆ.

ಇತಿ,
ಪೂರ್ಣವಿರಾಮ


ಮಾರ್ಚ್ ೧೫

ಪೂರ್ಣವಿರಾಮದವರಿಗೆ,

ಇದನ್ನು ಬಿಡುವ ಹಾಗಿಲ್ಲ, ವಿಷಯ ನನ್ನ ಕೈ ಮೀರಿದೆ. ಕಾನೂನು ಕಾಲೇಜಿನವರು ಬಂದಿದ್ದರು. ಹೊಸ ಗ್ರಂಥಾಲಯದ ಗೋಡೆಗೆ ಆ ವಾಕ್ಯವನ್ನು ಕಲ್ಲಿನಲ್ಲಿ ಕೆತ್ತಿಸುತ್ತಾರಂತೆ, ಕೆಳಗೆ ನನ್ನ ಹೆಸರು. ಏಪ್ರಿಲ್ ೨೮ಕ್ಕೆ ಪರದೆ ಸರಿಸುವುದು ನಾನೇ. "ಎರಡು ಮುಳ್ಳಿನ ತೀರ್ಪು" ಎಂದು ನನ್ನ ಉಪನ್ಯಾಸ. ಹುಡುಗರು ಹಾಗೇ ಕರೆಯುತ್ತಾರಂತೆ ಅದನ್ನು.

ಬೀರುವಿನಲ್ಲಿ ಹುಡುಕಿದೆ. ನಿಮ್ಮ ಆ ವರ್ಷದ ನೋಟ್‌ಬುಕ್ಕುಗಳು ನೀವು ಕಟ್ಟಿಟ್ಟ ದಾರದ ಸಮೇತ ಇವೆ. ವಿಚಾರಣೆ ಮುಗಿದ ಮೇಲಿನದನ್ನು ಇದರ ಜೊತೆ ಕಳಿಸಿದ್ದೇನೆ. ನನಗದು ಇರುವೆಗಳು ಸಾಲುಗಟ್ಟಿ ಮದುವೆಗೆ ಹೊರಟ ಹಾಗೆ ಕಾಣುತ್ತದೆ, ಒಂದಕ್ಷರ ತಿಳಿಯುವುದಿಲ್ಲ. ಕೊನೆಯ ಎರಡು ಪುಟಗಳಲ್ಲಿ ನಾನು ಏನು ಹೇಳಿದ್ದೇನೋ ಅದನ್ನು ಇದ್ದದ್ದು ಇದ್ದ ಹಾಗೆ ಬಿಡಿಸಿ ಬರೆದು ಕಳಿಸಿ. ಒಂದಕ್ಷರ ಹೆಚ್ಚು ಬೇಡ, ಒಂದಕ್ಷರ ಕಡಿಮೆ ಬೇಡ.

ಅಲ್ಪವಿರಾಮ


ಏಪ್ರಿಲ್ ೯

ಸಾಹೇಬರಿಗೆ,

ನೋಟ್‌ಬುಕ್ಕು ಮೂರು ವಾರ ನನ್ನ ದಿಂಬಿನ ಕೆಳಗಿತ್ತು. ಬಿಚ್ಚಿ ನೋಡಬೇಕಾದ ಅಗತ್ಯವೇ ಇರಲಿಲ್ಲ. ಕೊನೆಯ ಎರಡು ಪುಟ ನನಗೆ ಬಾಯಿಪಾಠ. ನೀವು ಕೇಳಿದ ಹಾಗೆ, ಇದ್ದದ್ದು ಇದ್ದ ಹಾಗೆ:

"ಮೂವತ್ತೊಂದರ ಸಂಜೆಯೊಳಗೆ ಕುಲುಮೆ ಧಕ್ಕೆಯಲ್ಲಿ ಇಳಿಯಲಿಲ್ಲವೆಂಬುದು ನಿರ್ವಿವಾದ. ಗಡುವು ಮೀರಿದರೆ ಕರಾರು ಬಿಡುವ ಹಕ್ಕು ಕೊಳ್ಳುವವರಿಗಿತ್ತೆಂಬುದೂ ನಿರ್ವಿವಾದ. ಆದುದರಿಂದ ಕಾರ್ಖಾನೆಯವರು ಕರಾರು ಬಿಟ್ಟದ್ದು"

ಇಷ್ಟೇ. ಇಲ್ಲಿಗೆ ಶೀಘ್ರಲಿಪಿ ನಿಂತಿದೆ. ನೀವು ಮೇಜಿನ ಮೇಲೆ ತಲೆಯಿಟ್ಟಿರಿ. ಹಣೆ ಮುಟ್ಟಿದರೆ ಕಾದ ಹೆಂಚು. ನಾನು ಡ್ರೈವರನ್ನು ಕರೆದೆ, ನಿಮ್ಮನ್ನು ಮನೆಗೆ ಕಳಿಸಿದೆವು. ಹೋಗುವಾಗ ಮೆಟ್ಟಿಲ ಮೇಲೆ "ಟೈಪ್ ಮಾಡಿಬಿಡಿ, ಬೆಳಗ್ಗೆ ಸಹಿ ಹಾಕ್ತೀನಿ" ಎಂದಿರಿ. ನಿಮ್ಮ ಮನಸ್ಸಿನಲ್ಲಿ ತೀರ್ಪು ಪೂರ್ತಿ ಹೇಳಿ ಮುಗಿದಿತ್ತು ಅಂತ ಕಾಣುತ್ತದೆ.

ನಾನು ಯಂತ್ರದ ಮುಂದೆ ಕೂತೆ. ಕೊನೆಯ ಸಾಲಿಗೆ ಬಂದೆ. ಜಾಗ ಬಿಟ್ಟು, ಅಡಿಗೆರೆ ಹಾಕಿ, ಬೆಳಗ್ಗೆ ನಿಮ್ಮನ್ನು ಕೇಳಬೇಕಿತ್ತು. ಯಾವ ಶೀಘ್ರಲಿಪಿಗಾರ್ತಿಗಾದರೂ ಮೊದಲ ದಿನ ಕಲಿಸುವ ಪಾಠ ಅದು. ನಾನು ಜಾಗ ಬಿಡಲಿಲ್ಲ. "ಆದುದರಿಂದ" ತೆಗೆದು "ಆದರೂ" ಹಾಕಿ, ಕೊನೆಗೆ "ಸಲ್ಲದು" ಎಂದು ಟೈಪ್ ಮಾಡಿದೆ. ಅದರ ಮುಂದೆ ಆ ಎರಡು ಮುಳ್ಳಿನ ವಾಕ್ಯ. ವಾಕ್ಯ ಒಂದೇ ಆಗಿದ್ದರೆ ಇಷ್ಟು ವರ್ಷ ಒದ್ದಾಡುತ್ತಿರಲಿಲ್ಲ ಸರ್. "ಸಲ್ಲದು" ಎಂಬ ಮಾತೂ ನನ್ನದು. ಎರಡು ದಿನ ನೀವು ಬರಲಿಲ್ಲ, ಮೂರನೆಯ ದಿನ ಬಂದು ಒಂದೂ ಮಾತಾಡದೆ ಸಹಿ ಹಾಕಿದಿರಿ. ಜ್ವರದ ಮಂಕಿನಲ್ಲಿ ಓದದೆಯೇ ಹಾಕಿದಿರಿ ಎಂದುಕೊಂಡೆ. ಬಾಯಿ ಬಿಡಲು ಧೈರ್ಯ ಬರಲಿಲ್ಲ. ಆಮೇಲೆ ತೀರ್ಪು ಊರೆಲ್ಲ ಹೆಸರಾಯಿತು, ಬಾಯಿ ಬಿಡುವ ದಾರಿಯೇ ಮುಚ್ಚಿಹೋಯಿತು.

ಯಾಕೆ ಹಾಗೆ ಮಾಡಿದೆ ಎಂದು ಕೇಳುತ್ತೀರಿ. ಧಕ್ಕೆಯ ಕಾವಲುಗಾರರ ಸಾಕ್ಷಿ ನೆನಪಿದೆಯೇ? ಕಾರ್ಖಾನೆಯ ವಕೀಲರು "ದೋಣಿ ರಿಪೇರಿಯಲ್ಲಿತ್ತು ತಾನೆ?" ಎಂದು ಕೇಳಿದರು. ಆತ "ಕಟ್ಟಿತ್ತು ಸ್ವಾಮಿ" ಎಂದ. ವಕೀಲರು ಕಾಗದ ತಿರುಗಿಸಿದರು, ನೀವು ಹೂಜಿಯಿಂದ ನೀರು ಬಗ್ಗಿಸಿಕೊಳ್ಳುತ್ತಿದ್ದಿರಿ. ಆತ ಇನ್ನೂ ಮುಗಿಸಿರಲಿಲ್ಲ. ತನ್ನಷ್ಟಕ್ಕೆ ಎಂಬಂತೆ, "ಯಾರೂ ಬರ್ಲಿಲ್ಲ, ಸುಮ್ನೆ ನಿಂತಿತ್ತು" ಎಂದ. ಕೋಣೆಯಲ್ಲಿ ಆ ಮಾತು ಯಾರ ಕಿವಿಗೂ ಬೀಳಲಿಲ್ಲ. ವಕೀಲರು ತಮಗೆ ಬೇಕಾದ ಉತ್ತರ ಕೇಳಿಸಿಕೊಳ್ಳುತ್ತಾರೆ, ನಾವು ಬಂದ ಉತ್ತರ ಬರೆದುಕೊಳ್ಳುತ್ತೇವೆ. ಅದು ದಾಖಲೆಯಲ್ಲಿದೆ. ನೀವು ಓದುತ್ತೀರಿ ಎಂದು ನಾನು ಕಾದೆ. ಕೊನೆಯ ಪುಟದವರೆಗೆ ಕಾದೆ.

ಇನ್ನೊಂದೂ ಇದೆ, ಇದನ್ನು ತಂಗಿಗೂ ಹೇಳಿಲ್ಲ. ಶೀಘ್ರಲಿಪಿಯ ಪರೀಕ್ಷೆಯ ಬೆಳಗ್ಗೆ, ನಾನಿನ್ನೂ ಹೊಸ ಸೊಸೆ, ನನ್ನ ನಾದಿನಿ ಒಂದಾದ ಮೇಲೊಂದು ಕೆಲಸ ಹೇಳಿದರು. ಬಟ್ಟೆ ಒಗೆ, ಕೊಡ ತುಂಬು, ಹಿರಿಯರ ಔಷಧಿ ತಾ. ಎಲ್ಲ ಮುಗಿಸಿ ಚಪ್ಪಲಿ ಮೆಟ್ಟುವಾಗ ಗೋಡೆಯ ಕಡೆ ಕೈ ತೋರಿಸಿ, "ಅಯ್ಯೋ, ಗಂಟೆ ನೋಡು, ಇನ್ನೆಲ್ಲಿ ಹೋಗ್ತೀಯ?" ಎಂದರು. ಎಷ್ಟು ಮೆತ್ತಗೆ ಹೇಳಿದರೆಂದರೆ ನಾನೇ ತಪ್ಪು ಮಾಡಿದೆ ಎಂದು ಬಹಳ ದಿನ ಅಂದುಕೊಂಡಿದ್ದೆ. ಮಾರನೆಯ ವರ್ಷ ಪಾಸಾದೆ, ಬಿಡಿ. ಆದರೆ ಯಂತ್ರದ ಮುಂದೆ ಕೂತಾಗ ಬೆರಳಿಗೆ ಬಂದದ್ದು ಆ ಗೋಡೆಗಡಿಯಾರ.

ಹಾಗಾದರೆ ಆ ತೀರ್ಪು ಕೊಟ್ಟವರು ಯಾರು ಸರ್? ಇಬ್ಬರು ದೊಡ್ಡ ಕಂಪನಿಯವರು ನಿಮ್ಮನ್ನು ನಂಬಿ ಬಂದರು, ಒಬ್ಬ ಟೈಪಿಸ್ಟ್ ತನ್ನ ನಾದಿನಿಯ ಮೇಲಿನ ಸಿಟ್ಟಿಗೆ ಒಬ್ಬರನ್ನು ಸೋಲಿಸಿದಳೇ? ಇಪ್ಪತ್ತೆರಡು ವರ್ಷ ಇದೊಂದೇ ಪ್ರಶ್ನೆ. ಕಲ್ಲಿನಲ್ಲಿ ಕೆತ್ತುವ ಮೊದಲು ನಿಮಗೆ ಗೊತ್ತಿರಲಿ.

ಇತಿ,
ಪೂರ್ಣವಿರಾಮ


ಏಪ್ರಿಲ್ ೨೨

ಸಾಹೇಬರಿಗೆ,

ನನ್ನ ಪತ್ರ ತಲುಪಿತೇ? ನೋಟ್‌ಬುಕ್ಕನ್ನೂ ಕಳಿಸಿದ್ದೆ.

ದಿನಾ ಅಂಚೆಯ ಹೊತ್ತಿಗೆ ಅಂಗಡಿಯ ಬಾಗಿಲಲ್ಲಿ ನಿಲ್ಲುತ್ತೇನೆ. ಮಂಜಿನಲ್ಲಿ ಯಾರು ಬಂದರೂ ಮೊದಲು ಅಂಚೆಯವನೇ ಅನ್ನಿಸುತ್ತಾನೆ. ಹತ್ತಿರ ಬಂದರೆ ಕನ್ನಡಕ ಒಡೆದುಕೊಂಡ ಯಾರೋ. ಬೈದಾದರೂ ಎರಡು ಸಾಲು ಬರೆಯಿರಿ. ನೀವು ಸುಮ್ಮನಿರುವುದು ನನಗೆ ಅಭ್ಯಾಸವಿಲ್ಲ.

ಪೂರ್ಣವಿರಾಮ


ಏಪ್ರಿಲ್ ೨೯

ಪೂರ್ಣವಿರಾಮದವರಿಗೆ,

ನಿಮ್ಮನ್ನು ಇಷ್ಟು ದಿನ ಕಾಯಿಸಿದ್ದಕ್ಕೆ ಮೊದಲು ಕ್ಷಮೆ ಕೇಳುತ್ತೇನೆ. ಮೂರು ಪತ್ರ ಬರೆದು ಹರಿದೆ. ಪತ್ರದಲ್ಲಿ ಒಪ್ಪಿಕೊಂಡು ಸಭೆಯಲ್ಲಿ ಸುಮ್ಮನಿದ್ದುಬಿಡುವ ಗಿರಾಕಿ ನಾನು ಎಂದು ನನಗೇ ಗೊತ್ತು. ಅದಕ್ಕೇ ಮೊದಲು ಸಭೆಯಲ್ಲಿ ಹೇಳಿ ಆಮೇಲೆ ನಿಮಗೆ ಬರೆಯೋಣವೆಂದುಕೊಂಡೆ.

ನನಗೆ ಗೊತ್ತಿತ್ತು. ಇಪ್ಪತ್ತೆರಡು ವರ್ಷದಿಂದ ಗೊತ್ತಿತ್ತು.

ಜ್ವರ ಇಳಿದ ಬೆಳಗ್ಗೆ ಡ್ರೈವರ್ ಟೈಪಾದ ತೀರ್ಪನ್ನು ಮನೆಗೇ ತಂದುಕೊಟ್ಟ. ಆ ವಾಕ್ಯ ನೋಡಿದ ಗಳಿಗೆಯಲ್ಲೇ ಅದು ನನ್ನದಲ್ಲ ಎಂದು ತಿಳಿಯಿತು. ನಾನು ಏಳು ಪದದಲ್ಲಿ ಒಂದು ವಿಚಾರ ಮುಗಿಸಿದ್ದು ಯಾವತ್ತಾದರೂ ಉಂಟೇ? ಸಿಟ್ಟು ನೆತ್ತಿಗೇರಿತು. ನಿಮ್ಮನ್ನು ಆವತ್ತೇ ಕೆಲಸದಿಂದ ತೆಗೆಯಬೇಕು ಎಂದು ಕೋಟು ಹಾಕಿಕೊಂಡೆ. "ಆದುದರಿಂದ" ಎಂದು ಶುರುಮಾಡಿದವನು ಎತ್ತ ಹೊರಟಿದ್ದ ಎಂಬುದು ಶಾಲೆಯ ಮಕ್ಕಳಿಗೂ ಗೊತ್ತಾಗುತ್ತದೆ. ನಾನು ಹೊರಟಿದ್ದದ್ದು "ಸರಿ" ಎನ್ನಲು. ಕಾರ್ಖಾನೆಯವರು ಗೆಲ್ಲುವವರಿದ್ದರು.

ಕೋಟಿನ ಒಂದು ತೋಳು ಹಾಕಿ ನಿಂತೆ. ಮುಳ್ಳು ಎಂದರೆ ಯಾವ ಮುಳ್ಳು? ಇವರಿಗೆ ಹಾಗೇಕೆ ಅನ್ನಿಸಿತು? ಮನೆಯಲ್ಲಿಟ್ಟುಕೊಂಡಿದ್ದ ಕಡತಗಳಿಂದ ಸಾಕ್ಷಿಯ ದಾಖಲೆ ತೆಗೆದೆ. ಕಾವಲುಗಾರನ ಆ ಮಾತು ಸಿಕ್ಕಿತು. ಅದನ್ನು ಹಿಡಿದುಕೊಂಡು, ಧಕ್ಕೆಯ ಗೇಟಿನಲ್ಲಿ ಒಳಹೋದದ್ದನ್ನು ಬರೆದಿಡುವ ಪುಸ್ತಕ ತೆರೆದೆ. ಎರಡೂ ಕಡೆಯವರು ಒಪ್ಪಿ ಹಾಜರುಪಡಿಸಿದ್ದ ಪುಸ್ತಕ, ಯಾರೂ ಬಿಡಿಸಿ ನೋಡಿರಲಿಲ್ಲ. ಮೂರು ದಿನದಲ್ಲಿ ಒಬ್ಬ ಬಡಗಿ ಒಳಗೆ ಹೋಗಿಲ್ಲ, ಒಂದು ಹಲಗೆ, ಒಂದು ಡಬ್ಬ ಡಾಂಬರು ಒಳಗೆ ಹೋಗಿಲ್ಲ. ರಿಪೇರಿಯೇ ಇರಲಿಲ್ಲ. ಹಡಗು ಬರಬಾರದೆಂದು ದೋಣಿ ಕಟ್ಟಿದ್ದರು. ಎರಡು ದಿನ ಹಿಂದೆಮುಂದೆ ಎಲ್ಲ ಓದಿದೆ. ಮೂರನೆಯ ದಿನ ಬಂದು ಸಹಿ ಹಾಕಿದೆ. ಓದದೆ ಹಾಕಿದ್ದಲ್ಲ. ನನ್ನ ಜೀವನದಲ್ಲಿ ಅಷ್ಟು ಓದಿ ಇನ್ನಾವುದಕ್ಕೂ ಸಹಿ ಹಾಕಿಲ್ಲ.

ಆದ್ದರಿಂದ ನಿಮ್ಮ ಪ್ರಶ್ನೆಗೆ ಉತ್ತರ: ತೀರ್ಪು ನನ್ನದು. ಆದರೆ ತಪ್ಪು ದಾರಿಯಲ್ಲಿ ಹೊರಟವನ ತೋಳು ಹಿಡಿದು ನಿಲ್ಲಿಸಿದ್ದು ನೀವು. ಹಾಗೆ ಮಾಡಿದ್ದು ತಪ್ಪೇ ಎಂದರೆ, ತಪ್ಪು. ಜಾಗ ಬಿಟ್ಟು, ಬೆಳಗ್ಗೆ ಬಂದು "ಸರ್, ಕಾವಲುಗಾರ ಹೀಗಂದ" ಎನ್ನಬೇಕಿತ್ತು. ಅಂದಿದ್ದರೆ ನಾನು ಕೇಳುತ್ತಿದ್ದೆನೇ? ಪ್ರಾಮಾಣಿಕವಾಗಿ ಹೇಳುತ್ತೇನೆ, ಗೊತ್ತಿಲ್ಲ. "ನೀವು ಟೈಪ್ ಮಾಡಿ" ಅನ್ನುತ್ತಿದ್ದೆನೋ ಏನೋ. ನಿಮ್ಮ ತಪ್ಪು ಒಂದು ಮಧ್ಯಾಹ್ನದ್ದು, ನನ್ನದು ಇಪ್ಪತ್ತೆರಡು ವರ್ಷದ್ದು. ಆ ವಾಕ್ಯದ ಹೆಗಲೇರಿ ನಾನು ಇಷ್ಟೆತ್ತರ ಬೆಳೆದೆ. ಅದನ್ನು ಓದಿದವರು ನನ್ನನ್ನು ಹುಡುಕಿಕೊಂಡು ಬಂದರು, ದೇಶಾಂತರದಿಂದ ಕರೆ ಬಂತು. ನೀವು ಎಂದಾದರೂ ಕೇಳುತ್ತೀರಿ ಎಂದು ಹೆದರಿದೆ. ನೀವು ಕೇಳಲಿಲ್ಲ, ಆಗ ಇನ್ನೂ ಹೆದರಿದೆ. ಬೀಳ್ಕೊಡುಗೆಯ ದಿನ ನಿಮ್ಮನ್ನು ಬಿಟ್ಟದ್ದೂ ಅದಕ್ಕೇ. ನಿಮ್ಮ ಹೆಸರೆತ್ತಿದರೆ ಆ ವಾಕ್ಯವೂ ಜೊತೆಗೇ ಎದ್ದುಬರುತ್ತಿತ್ತು. ಜನವರಿಯಲ್ಲಿ ನೆನಪು ಸಾಲದು ಎಂದು ಬರೆದೆನಲ್ಲ, ಅದು ಸುಳ್ಳು. ನೀವೇ ಮೊದಲು ಹೇಳಲಿ ಎಂದು ಹೂಡಿದ ಹಳೆಯ ವಕೀಲನ ಯುಕ್ತಿ.

ನಿನ್ನೆಯದನ್ನು ಕೇಳಿ. ಕಾರಿನಲ್ಲಿ ಮಗಳಿಗೆ ಎಲ್ಲ ಹೇಳಿದೆ.

"ಅಪ್ಪಾ, ಇಷ್ಟು ವರ್ಷ ಆದ್ಮೇಲೆ ಇದು ಬೇಕಾ? ನಾಳೆ ಜನ ಏನಂತಾರೆ?"

"ಅನ್ನಲಿ ಬಿಡಮ್ಮ. ಇಷ್ಟು ದಿನ ಹೊಗಳಿದ್ದು ನನ್ನದಲ್ಲದ್ದಕ್ಕೆ, ಈಗ ಬೈಯೋದು ನನ್ನದಕ್ಕೇ."

ಇಳಿಯುವಾಗ ಅವಳು ನನ್ನ ಕೋಟಿನ ಕಾಲರ್ ಸರಿಮಾಡಿದಳು.

ಸಭಾಂಗಣ ತುಂಬಿತ್ತು. ಪರದೆ ಸರಿಸುವ ಮೊದಲೇ ಹೇಳಿಬಿಟ್ಟೆ. ಜ್ವರ, ನಿಂತುಹೋದ ವಾಕ್ಯ, ಕಾವಲುಗಾರ, ನನ್ನ ಮೌನ, ಎಲ್ಲವನ್ನೂ. ನಿಮ್ಮ ನಾದಿನಿಯನ್ನು ಬಿಟ್ಟೆ, ಅದು ನಿಮ್ಮದು. ಹೇಳುತ್ತಿದ್ದಾಗ ನನ್ನ ದನಿ ನನಗೇ ಕೇಳಿಸುತ್ತಿರಲಿಲ್ಲ, ಮುಖಗಳೆಲ್ಲ ನೀರಿನಡಿಯಲ್ಲಿ ಇದ್ದ ಹಾಗೆ. ಹಿಂದಿನ ಸಾಲಿನಲ್ಲಿ ಯಾರೋ ಕೆಲವರು ಎದ್ದು ಹೋದರು. ಪ್ರಾಂಶುಪಾಲರು ಕರವಸ್ತ್ರದಿಂದ ಕನ್ನಡಕ ಒರೆಸಿದರು, ಮತ್ತೆ ಒರೆಸಿದರು.

ಆಗ ಮೂರನೆಯ ಸಾಲಿನಿಂದ ಒಬ್ಬರು ಕೋಲೂರಿಕೊಂಡು ಎದ್ದರು. ಕಾರ್ಖಾನೆಯ ಪರವಾಗಿ ವಾದಿಸಿದ ಅದೇ ವಕೀಲರು. ಗುರುತೇ ಸಿಗದಷ್ಟು ಇಳಿದುಹೋಗಿದ್ದಾರೆ. ಇನ್ನು ಮಂಗಳಾರತಿ ಎಂದುಕೊಂಡೆ.

"ಆ ತೀರ್ಪಿನಲ್ಲಿ ಸೋತವನು ನಾನು," ಎಂದರು. "ನನ್ನ ಕಕ್ಷಿದಾರರು ಈಗಿಲ್ಲ, ಕಾರ್ಖಾನೆಯೂ ಇಲ್ಲ, ಅದಕ್ಕೇ ಹೇಳ್ತೀನಿ. ತೀರ್ಪು ಬಂದ ದಿನ ಮೆಟ್ಟಿಲಿಳೀತಾ ಅವರು ನನ್ನ ಕಿವೀಲಿ ಕೇಳಿದ್ರು, 'ನಾವು ದೋಣಿ ಬೇಕೂಂತ್ಲೇ ಕಟ್ಟಿಸಿದ್ದು ಈ ಮನುಷ್ಯನಿಗೆ ಹೇಗೆ ಗೊತ್ತಾಯ್ತು?' ಅಂತ. ನನಗೆ ಉತ್ತರ ಗೊತ್ತಿರ್ಲಿಲ್ಲ. ಇವತ್ತು ಗೊತ್ತಾಯ್ತು. ಆ ತಾಯಿ ಎಲ್ಲಿದ್ದಾರೆ?"

ದೂರದ ಸರೋವರದ ಊರಿನಲ್ಲಿದ್ದಾರೆ ಎಂದೆ. ಅವರು ಕೂರಲಿಲ್ಲ, ನಿಂತೇ ಇದ್ದರು. ಆಮೇಲೆ ಒಬ್ಬೊಬ್ಬರಾಗಿ ಇನ್ನೂ ಕೆಲವರು ಎದ್ದು ನಿಂತರು. ಯಾರೂ ಚಪ್ಪಾಳೆ ತಟ್ಟಲಿಲ್ಲ. ನಾನು ಪರದೆ ಸರಿಸಲಿಲ್ಲ.

ಕಲ್ಲಿನಲ್ಲಿ ನನ್ನ ಹೆಸರ ಸಾಲನ್ನು ಉಜ್ಜಿ ತೆಗೆಯಲು ಹೇಳಿದ್ದೇನೆ. ಕಲ್ಲುಕುಟಿಗ ಎರಡು ದಿನದ ಕೆಲಸ ಎಂದ. ಆ ಜಾಗದಲ್ಲಿ ನಿಮ್ಮ ಹೆಸರು ಹಾಕಿಸಲು ಕಾಲೇಜಿನವರು ಒಪ್ಪಿದ್ದಾರೆ, ನಿಮ್ಮ ಒಪ್ಪಿಗೆ ಬೇಕು. ಬೇಡ ಎಂದರೆ ಖಾಲಿ ಇರಲಿ.

ಪುಸ್ತಕದ ಮೊದಲನೆಯ ಅಧ್ಯಾಯವನ್ನೂ ಇದರ ಜೊತೆ ಇಟ್ಟಿದ್ದೇನೆ, ನನ್ನ ಮೊಟ್ಟಮೊದಲ ಮೊಕದ್ದಮೆಯದು. ನಿರ್ದಾಕ್ಷಿಣ್ಯವಾಗಿ ನೋಡಿ.

ಅಲ್ಪವಿರಾಮ


ಮೇ ೧೪

ಸಾಹೇಬರಿಗೆ ನಮಸ್ಕಾರಗಳು.

ನಿಮ್ಮ ಪತ್ರವನ್ನು ಅಂಗಡಿಯ ಬಾಗಿಲಲ್ಲೇ ನಿಂತು ಓದಿದೆ. ಓದಿ ಮುಗಿಯುವಷ್ಟರಲ್ಲಿ ಮಂಜು ಎದ್ದಿತ್ತೋ, ನನ್ನ ಕಣ್ಣೇ ತಿಳಿಯಾಯಿತೋ, ಎರಡು ವರ್ಷದಲ್ಲಿ ಮೊದಲ ಸಲ ಆಚೆ ದಡ ಕಂಡಿತು. ಅಲ್ಲೊಂದು ಬಿಳಿ ಮನೆ ಇದೆ, ಮಹಡಿಯ ಮೇಲೆ ಯಾರೋ ಹಾಸಿಗೆ ಕೊಡವುತ್ತಿದ್ದರು. ಅಷ್ಟು ದೂರದಿಂದ ಸದ್ದಿಲ್ಲ. ತಂಗಿಯನ್ನು ಕೂಗಿ ತೋರಿಸಿದೆ. "ಅದು ಯಾವಾಗಲೂ ಇತ್ತಲ್ಲಕ್ಕಾ" ಎಂದಳು. ಅವಳಿಗೆ ನಾದಿನಿಯ ವಿಷಯವನ್ನೂ ಅಂದೇ ಹೇಳಿದೆ. ಇಬ್ಬರೂ ಅಂಗಡಿ ಮುಚ್ಚಿ ಮೆಟ್ಟಿಲ ಮೇಲೆ ಬಹಳ ಹೊತ್ತು ಕೂತಿದ್ದೆವು.

ನಿಮಗೆ ಗೊತ್ತಿದ್ದೂ ಸುಮ್ಮನಿದ್ದಿರಿ ಎಂದು ಸಿಟ್ಟು ಬಂತು. ಸುಳ್ಳು ಯಾಕೆ, ಎರಡು ದಿನ ಬಂತು. ನಾನು ಹೆದರಿ ಒಣಗಿದ್ದೆಲ್ಲ ದಂಡ ಎನ್ನಿಸಿತು. ಎದುರುಬದುರು ಕೂತು ಇಬ್ಬರೂ ಒಂದೇ ಗಂಟನ್ನು ಸೆರಗಿನಲ್ಲಿ ಬಚ್ಚಿಟ್ಟುಕೊಂಡಿದ್ದೆವಲ್ಲ! ಮೂರನೆಯ ದಿನ ನಗು ಬಂತು.

ಮೊದಲನೆಯ ಅಧ್ಯಾಯ ಓದಿದೆ. ಭಾಷೆ ಚೆನ್ನಾಗಿದೆ, ವಾಕ್ಯಗಳು ಅರ್ಧ ಆಗಬೇಕು. ಆದರೆ ಅದರಲ್ಲಿ ನೀವು ಒಬ್ಬರೇ ಗೆದ್ದಿದ್ದೀರಿ. ಹಾಗೆ ಯಾರೂ ಗೆಲ್ಲುವುದಿಲ್ಲ ಸರ್. ನಿಮ್ಮ ಪಕ್ಕದಲ್ಲಿ ಕಡತ ಹುಡುಕಿ ಕೊಟ್ಟವರು ಯಾರು, ಬೆವರಿದಾಗ ನೀರು ಕೊಟ್ಟವರು ಯಾರು, ಅದನ್ನೂ ಬರೆಯಿರಿ.

ಕಲ್ಲಿನ ವಿಷಯ. ಬೇಡ, ಖಾಲಿ ಇರಲಿ ಎಂದು ಒಂದು ಪತ್ರ ಬರೆದು ಲಕೋಟೆಯನ್ನೂ ಅಂಟಿಸಿದ್ದೆ. ಅಂಚೆಪೆಟ್ಟಿಗೆಯ ಬಾಯಿಯ ತನಕ ಹೋಗಿ ವಾಪಸು ಬಂದೆ. ಬೇಡ ಎನ್ನುವುದು ನನಗೆ ಬರೀ ಅಭ್ಯಾಸ, ಆಸೆಯಲ್ಲ.

ಹಾಕಿಸಿ.

ಪೂರ್ತಿ ಹೆಸರನ್ನು ಬೇರೆ ಚೀಟಿಯಲ್ಲಿ ದೊಡ್ಡದಾಗಿ ಬರೆದು ಇಟ್ಟಿದ್ದೇನೆ. ಕಲ್ಲುಕುಟಿಗನಿಗೆ ಅದನ್ನೇ ಕೊಡಿ, ನೀವು ಬಾಯಿಮಾತಿನಲ್ಲಿ ಹೇಳಬೇಡಿ. ಮೂರನೆಯ ಅಕ್ಷರ ಳ, ಲ ಅಲ್ಲ. ಮೂವತ್ತೊಂದು ವರ್ಷ ನಮ್ಮ ಆಫೀಸಿನ ಹಾಜರಿ ಪುಸ್ತಕದಲ್ಲಿ ಅದು ಲ ಆಗಿಯೇ ಇತ್ತು. ನಾನು ಹೇಳಿರಲಿಲ್ಲ.